ಟ್ರೆಂಬ್ಲಿ ಕೌಂಟಿಯ ಐನೂರ ಮೂರು ಮಂದಿ

ಕಾರ್ವಿನ್, ನೆಬ್ರಾಸ್ಕಾ
ಶನಿವಾರ, ಏಪ್ರಿಲ್ 9, 2011

ಪ್ರೀತಿಯ ಲವೋನ್ ಅಕ್ಕಾ,

ಅಕ್ಷರ ನೋಡಿದ ಕೂಡಲೇ ಯಾರದೆಂದು ತಿಳಿದಿರುತ್ತದೆ. ನೀನು ಕಲಿಸಿದ ಅಕ್ಷರವೇ, ಎಡಕ್ಕೆ ವಾಲುವುದು ಮಾತ್ರ ನನ್ನದು. ಏಳು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಹರಿದು ಹಾಕಬೇಕು ಅನ್ನಿಸಿದರೂ ಮೊದಲು ಪೂರ್ತಿ ಓದು.

ಕಳೆದ ತಿಂಗಳು ಪತ್ರಿಕೆಯಲ್ಲಿ ನಮ್ಮ ರಾಜ್ಯದ ನಕ್ಷೆ ಬಂದಿತ್ತು, ನೋಡಿದೆಯಾ? ತೊಂಬತ್ತಮೂರು ಕೌಂಟಿಗಳು. ಹತ್ತು ವರ್ಷಗಳಲ್ಲಿ ಜನ ಹೆಚ್ಚಿದ ಕಡೆ ಹಸಿರು, ಕಡಿಮೆಯಾದ ಕಡೆ ಕಂದು. ಒಮಾಹಾ ಪಕ್ಕದ ನಿನ್ನ ಸಾರ್ಪಿ ಕೌಂಟಿ ಕಡುಹಸಿರು. ನಮ್ಮ ಕಡೆ ಎಲ್ಲಾ ಕಂದು, ಸುಟ್ಟ ರೊಟ್ಟಿಯ ಹಾಗೆ. ನಿಮ್ಮಲ್ಲಿ ಮೂವತ್ತಾರು ಸಾವಿರ ಜನ ಹೆಚ್ಚಿದರಂತೆ. ನಮ್ಮ ಟ್ರೆಂಬ್ಲಿಯಲ್ಲಿ ಇದ್ದ ಆರುನೂರ ಹನ್ನೆರಡು ಮಂದಿ ಐನೂರ ಮೂರಾದರು. ಆ ಐನೂರ ಮೂರರಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಎಣಿಸಿದವಳು ನಾನು. ನಗಬೇಡ. ಶಾಲೆಯ ಅಡಿಗೆಯವಳಾಗಿದ್ದ ನಿನ್ನ ತಂಗಿ ಅರ್ಲಿಸ್ ಹೋದ ವರ್ಷ ಜನಗಣತಿಯ ಕೆಲಸಕ್ಕೆ ಸೇರಿದಳು. ಕಪ್ಪು ಚೀಲ, ಕೊರಳಿಗೆ ಗುರುತಿನ ಚೀಟಿ, ಬಲಗೈ ಎತ್ತಿ ಪ್ರಮಾಣ, ಎಲ್ಲಾ ಆಯಿತು.

ಸಂಬಳಕ್ಕಾಗಿ ಸೇರಿದೆ ಅಂತ ಊರಿನವರಿಗೆ ಹೇಳಿದೆ. ನಿಜ ಬೇರೆ. ನೀನು ತಪ್ಪು ಅಂತ ತೋರಿಸಬೇಕಿತ್ತು ನನಗೆ. ಜಿಮ್ಮಿನಲ್ಲಿ ಶಾಲೆ ಮುಚ್ಚುವ ಆ ಸಭೆ ನಡೆದ ದಿನ ನೀನು ಶಾಲಾ ಮಂಡಳಿಯ ಮೇಜಿನ ಹಿಂದೆ ನಿಂತು, ಹತ್ತೊಂಬತ್ತು ಮಕ್ಕಳಿದ್ದಾರೆ, ಮುಂದಿನ ವರ್ಷ ಹದಿನಾಲ್ಕು, ಅದರ ಮುಂದಿನ ವರ್ಷ ಒಂಬತ್ತು ಅಂತ ಓದಿದೆಯಲ್ಲ, ಆ ಸಂಖ್ಯೆಗಳು ನನ್ನ ಕಿವಿಯಲ್ಲೇ ಕೂತುಬಿಟ್ಟಿದ್ದವು. ಜನ ವಾಪಸ್ ಬರುತ್ತಾರೆ, ಒಬ್ಬೊಬ್ಬರನ್ನೂ ಬರೆದು ತೋರಿಸುತ್ತೇನೆ ಅನ್ನುವ ಹಟ.

ಇನ್ನೊಂದು ಕಾರಣವೂ ಇತ್ತು. ಪಕ್ಕದ ಕೌಂಟಿಯ ಆಸ್ಪತ್ರೆಯವರು ಪ್ರತಿ ಗುರುವಾರ ನಮ್ಮೂರಿಗೆ ನರ್ಸನ್ನು ಕಳಿಸುತ್ತಾರೆ, ಒಂದು ಆಂಬುಲೆನ್ಸ್ ಇಲ್ಲೇ ನಿಲ್ಲಿಸಿದ್ದಾರೆ. ಈ ಸಲದ ಗಣತಿಯಲ್ಲಿ ಐನೂರಕ್ಕಿಂತ ಕೆಳಗಿಳಿದರೆ ಎರಡನ್ನೂ ತೆಗೆಯುತ್ತೇವೆ ಅಂತ ಹೇಳಿಬಿಟ್ಟಿದ್ದರು. ಅದು ಗೊತ್ತಾದ ಮೇಲೆ ಊರಿನಲ್ಲಿ ಯಾರಿಗೂ ನನ್ನನ್ನು ಕಂಡರೆ ಸುಮ್ಮನಿರಲು ಆಗಲಿಲ್ಲ. "ಅರ್ಲಿಸ್, ನಮ್ಮ ಹುಡುಗ ಡೆನ್ವರಲ್ಲಿದ್ರೂ ಮನಸ್ಸೆಲ್ಲಾ ಇಲ್ಲೇ ಕಣೆ, ಬರ್ಕೋ" ಅನ್ನುವವರು ಒಬ್ಬರು. "ನಾಯಿ ಲೆಕ್ಕಕ್ಕಿಲ್ವಾ? ನಮ್ಮ ಮೈದುನನಿಗಿಂತ ಬುದ್ಧಿ ಇದೆ ಅದಕ್ಕೆ" ಅನ್ನುವವರು ಇನ್ನೊಬ್ಬರು.

ನಿಯಮ ಗಟ್ಟಿಯಾಗಿತ್ತು ಅಕ್ಕಾ. ಏಪ್ರಿಲ್ ಒಂದನೇ ತಾರೀಖು ಯಾರು ಎಲ್ಲಿ ವಾಸವಿದ್ದರೋ ಅಲ್ಲಿ. ಮಾರ್ಚ್ ಮೂವತ್ತೊಂದಕ್ಕೆ ಹುಟ್ಟಿದ ಕೂಸು ಲೆಕ್ಕಕ್ಕೆ ಬರುತ್ತದೆ, ಏಪ್ರಿಲ್ ಎರಡರದ್ದು ಬರುವುದಿಲ್ಲ. ಸಾವಿಗೂ ಹಾಗೆಯೇ.

ಎಮಿಲ್ ವಾವ್ರಾ ನೆನಪಿದ್ದಾನಲ್ಲ, ನಮ್ಮ ಶಾಲೆಯ ಬಸ್ ಓಡಿಸುತ್ತಿದ್ದವನು? ಅವನ ಡೋರಿಸ್ ಕಳೆದ ವರ್ಷ ಮಾರ್ಚ್ ಇಪ್ಪತ್ತಾರಕ್ಕೆ ಹೋದಳು. ನಿನಗೆ ಯಾರೂ ತಿಳಿಸಿರಲಿಕ್ಕಿಲ್ಲ. ಮೇ ತಿಂಗಳಲ್ಲಿ ಅವನ ಮನೆಗೆ ಹೋದೆ. ಕಾಫಿ ಮಾಡಿಕೊಟ್ಟ, ಕಹಿ ವಿಷ. ಮನೆಯಲ್ಲಿ ಎಷ್ಟು ಜನ ಅಂತ ಕೇಳಿದೆ. "ಇಬ್ಬರು" ಅಂದ.

"ಎಮಿಲ್, ಏಪ್ರಿಲ್ ಒಂದಕ್ಕೆ ಬದುಕಿದ್ದವರನ್ನ ಮಾತ್ರ ಬರೀಬೇಕು" ಅಂದೆ.

"ಆರು ದಿನ ಕಣಮ್ಮ. ಬರೀ ಆರು ದಿನ. ಐವತ್ತೊಂದು ವರ್ಷ ತೆರಿಗೆ ಕಟ್ಟಿದ್ದಾಳೆ, ನಿಮ್ಮ ಸರ್ಕಾರಕ್ಕೆ ಆರು ದಿನಕ್ಕೆ ಇಷ್ಟು ಜುಗ್ಗತನವಾ?"

ನನ್ನ ಪೆನ್ಸಿಲ್ ಕಾಗದದ ಮೇಲೇ ನಿಂತಿತ್ತು. ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊರಿಗೂ ಒಬ್ಬರು ಹೆಚ್ಚು. ಆಗ ನಿನ್ನ ನೆನಪಾಯಿತು. ಸಭೆಯಲ್ಲಿ ನಿನ್ನ ಮುಂದೆಯೂ ಹೀಗೇ ಜನ ನಿಂತಿದ್ದರು. ಮಕ್ಕಳು ಇಪ್ಪತ್ತೈದು ಅಂತ ಬರಿ, ಮೇಲಿನವರು ನೋಡಲು ಬರುವುದಿಲ್ಲ ಅಂತ ಕೂಗಿದವರಲ್ಲಿ ನನ್ನ ದನಿಯೇ ಜೋರಾಗಿತ್ತು. ಎಮಿಲ್‌ನ ಮನೆಯಲ್ಲಿ 'ಒಂದು' ಅಂತ ಬರೆದೆ. ಅವನು ಅಂಕಿ ನೋಡಿದ. ಆಮೇಲೆ ಒಂದು ಗಂಟೆ ಡೋರಿಸ್‌ಳ ಮಾತನ್ನೇ ಆಡಿದ, ನಾನು ಕೇಳಿಸಿಕೊಂಡೆ. ಅದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ.

ನಾನು ತಟ್ಟಿದ್ದು ಇನ್ನೂರ ಹದಿನಾಲ್ಕು ಬಾಗಿಲು. ಅರವತ್ತೊಂದು ಮನೆ ಖಾಲಿ. ಕಿಟಕಿಯಿಂದ ಇಣುಕಿದರೆ ಕೆಲವು ಕಡೆ ಮೇಜಿನ ಮೇಲೆ ಉಪ್ಪಿನ ಡಬ್ಬಿ ಹಾಗೇ ಇತ್ತು. ಜೂನ್ ಬರುವ ಹೊತ್ತಿಗೆ ನನ್ನ ಹಟ ಇಳಿದುಹೋಗಿತ್ತು. ನಿನ್ನ ಲೆಕ್ಕ ಸರಿಯಾಗಿತ್ತು ಅಕ್ಕಾ. ಒಂಬತ್ತು ಅಂತ ನೀನು ಹೇಳಿದ ವರ್ಷ ಊರಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಎಂಟೇ ಮಕ್ಕಳಿದ್ದರು.

ಈಗ ಒಂದು ಮನೆಯ ವಿಷಯ ಹೇಳಬೇಕು. ಯಾವ ಮನೆ, ಎಷ್ಟು ಜನ ಅಂತ ಕೇಳಬೇಡ. ಯಾರ ವಿವರವನ್ನೂ ಹೊರಗೆ ಬಿಡುವುದಿಲ್ಲ ಅನ್ನುವ ಪ್ರಮಾಣ ಸಾಯುವವರೆಗೂ ಕಟ್ಟಿಹಾಕುತ್ತದೆ. ಆ ಮನೆಯ ಸೊಸೆಯನ್ನು ಮಾರ್ತಾ ಅನ್ನುತ್ತೇನೆ, ಅವಳ ಹೆಸರು ಅದಲ್ಲ.

ನನ್ನ ಪಟ್ಟಿಯಲ್ಲಿ ಅದೂ ಖಾಲಿ ಮನೆಯೇ. ಮಾಲೀಕನೂ ಯಾರೂ ಇಲ್ಲ ಅಂದಿದ್ದ. ಆದರೆ ಹಿತ್ತಲಿನ ತಂತಿಯ ಮೇಲೆ ಪುಟ್ಟ ಪುಟ್ಟ ಬಟ್ಟೆಗಳು ಒಣಗುತ್ತಿದ್ದವು. ಮೊದಲ ಸಲ ತಟ್ಟಿದೆ, ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ಎರಡನೇ ಸಲ ಒಳಗಿನ ರೇಡಿಯೋ ತಟ್ಟನೆ ನಿಂತಿತು. ದೇಶದಿಂದ ಹೊರಹಾಕಲು ಬಂದವಳೆಂದು ಅವರಿಗೆ ನನ್ನ ಕೊರಳ ಚೀಟಿ ಕಂಡರೇ ಭಯ ಅಂತ ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಮೂರನೇ ಸಲ ಚೀಟಿಯನ್ನು ಅಂಗಿಯ ಒಳಗೆ ಸೇರಿಸಿ, ಕೈಯಲ್ಲಿ ದಾಲ್ಚಿನ್ನಿ ಬನ್ನಿನ ತಟ್ಟೆ ಹಿಡಿದು ಹೋದೆ, ಶಾಲೆಯಲ್ಲಿ ಚಿಲ್ಲಿ ಸಾರಿನ ಜೊತೆಗೆ ಬಡಿಸುತ್ತಿದ್ದೆನಲ್ಲ, ಅದೇ ಬನ್ನು. ಹೀಗೆ ಮಾಡಬಾರದು ಅಂತ ತರಬೇತಿಯಲ್ಲಿ ಹೇಳಿದ್ದರು. ಮಾಡಿದೆ.

ಒಬ್ಬಳು ಮುದುಕಿ ಬಾಗಿಲು ತೆರೆದಳು. ಗ್ವಾಟೆಮಾಲಾದವಳು, ನನ್ನ ಹೆಗಲಿಗೂ ಬರುವುದಿಲ್ಲ. ಸರ್ಕಾರ ಕೊಟ್ಟ ಸ್ಪ್ಯಾನಿಷ್ ಕಾಗದ ತೋರಿಸಿದೆ. ಅವಳಿಗೆ ಓದಲು ಬಾರದು. ನನಗೆ ಆ ಭಾಷೆ ಎಲ್ಲಿ ಬರಬೇಕು? ಬರುವುದು ಊಟದ ಹೆಸರುಗಳು ಮಾತ್ರ. ನೀನು ನಿನ್ನ ಸ್ಪ್ಯಾನಿಷ್ ತರಗತಿಯ ಮಕ್ಕಳನ್ನು ಊಟದ ಸಾಲಿನಲ್ಲಿ ನಿಲ್ಲಿಸಿ, ಹೆಸರು ಹೇಳದೆ ಬಡಿಸಬೇಡ ಅಂತ ನನಗೆ ತಾಕೀತು ಮಾಡುತ್ತಿದ್ದೆಯಲ್ಲ? ಅದೇ ಕೈಹಿಡಿಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು, ತುಂಬಾ ಮರ್ಯಾದೆಯಿಂದ "ಆರೋಸ್. ಲೆಚೆ. ಪೋಯೋ" ಅಂದೆ. ಅನ್ನ, ಹಾಲು, ಕೋಳಿ! ಮುದುಕಿ ನನ್ನನ್ನೇ ದಿಟ್ಟಿಸಿದಳು. ಆಮೇಲೆ ನಗಲು ಶುರುಮಾಡಿದಳು ನೋಡು, ಕಣ್ಣು ಒರೆಸಿಕೊಂಡು, ಗೋಡೆ ಹಿಡಿದು ನಕ್ಕಳು. ಒಳಗಿಂದ ಮಾರ್ತಾ ಕೂಸನ್ನು ಎತ್ತಿಕೊಂಡು ಬಂದಳು, ಅತ್ತೆಗೆ ಏನಾಯಿತೋ ಅಂತ.

ಎಷ್ಟು ಜನ ಅಂತ ಕೇಳುವುದು ಹೇಗೆ? ಹಲಗೆಯ ಮೇಲಿನ ತಟ್ಟೆಗಳನ್ನು ಕೈಸನ್ನೆಯಲ್ಲಿ ಕೇಳಿ ತೆಗೆದುಕೊಂಡೆ. ಮುದುಕಿಯ ಮುಂದೆ ಒಂದಿಟ್ಟೆ, ಮಾರ್ತಾಳ ಮುಂದೆ ಒಂದು. ಅವರಿಗೆ ಅರ್ಥವಾಯಿತು. ಉಳಿದದ್ದನ್ನು ಮುದುಕಿಯೇ ಇಟ್ಟಳು, ಒಂದೊಂದಕ್ಕೂ ಹೆಸರು ಹೇಳುತ್ತಾ. ಮಕ್ಕಳ ತಟ್ಟೆ ಇಡುವಾಗ ಎತ್ತರವನ್ನೂ ಕೈಯಲ್ಲೇ ತೋರಿಸಿದಳು. ತಟ್ಟೆ ಸಾಲದೆ ಕೊನೆಗೆ ಬಾಣಲೆಯ ಮುಚ್ಚಳವನ್ನೂ ಇಟ್ಟಳು. ಎಲ್ಲಾ ಮುಗಿದ ಮೇಲೆ ಮಾರ್ತಾ ಒಂದು ಲೋಟ ತಂದು ಸಾಲಿನ ತುದಿಗಿಟ್ಟು, ಕೂಸಿನ ತಲೆ ಮುಟ್ಟಿದಳು. ಯಾವಾಗ ಹುಟ್ಟಿದ್ದು ಅಂತ ಗೋಡೆಯ ಕ್ಯಾಲೆಂಡರ್ ತೋರಿಸಿದೆ. ಅವಳ ಬೆರಳು ಮಾರ್ಚ್ ಮೂವತ್ತೊಂದರ ಮೇಲೆ ನಿಂತಿತು. ಆಸ್ಪತ್ರೆಗೆ ಹೋಗಲು ಹೆದರಿ ಆ ಮನೆಯಲ್ಲೇ ಹೆತ್ತಿದ್ದಳು. ಹೊರಗೆ ಹಿಮ ಬೀಳುತ್ತಿತ್ತಂತೆ, ಮುದುಕಿ ಬೆರಳುಗಳನ್ನು ಹಿಮ ಉದುರುವಂತೆ ಆಡಿಸಿ ತೋರಿಸಿದಳು. ಕಾರಿಗೆ ಬಂದು ಕೂಸನ್ನೂ ಸೇರಿಸಿ ನಮೂನೆ ತುಂಬಿದೆ.

ವಾರದೊಳಗೆ ನಮ್ಮ ಶೆರಿಫ್ ವೇಡ್ ಪೊಲೀಸ್ ಕಾರಿನಲ್ಲಿ ನನ್ನ ಮನೆಗೆ ಬಂದ. ಯಾರೋ ದೂರು ಕೊಟ್ಟಿದ್ದರಂತೆ. "ಆ ಮನೇಲಿ ಎಷ್ಟು ಜನ ಇದ್ದಾರೆ ಅರ್ಲಿಸ್? ನೀನು ಒಳಗೆ ಹೋಗಿದ್ದನ್ನ ನೋಡಿದ್ದಾರೆ."

"ಬನ್ನು ಕೊಡೋಕೆ ಹೋಗಿದ್ದೆ" ಅಂದೆ.

"ತಮಾಷೆ ಬೇಡ. ನಿನ್ನ ಮೇಲೆ ನಂಬಿಕೆ ಇಟ್ಟು ಕೇಳ್ತಿದ್ದೀನಿ."

"ಅವ್ರೂ ನನ್ನ ಮೇಲೆ ನಂಬಿಕೆ ಇಟ್ಟೇ ಹೇಳಿದ್ದು ವೇಡ್. ನಿನಗೆ ಮೂರನೇ ಕ್ಲಾಸಿಂದ ಊಟ ಬಡಿಸಿದ್ದೀನಿ. ಎರಡನೇ ಸಲ ಬಡಿಸಿಕೊಂಡಿದ್ದನ್ನ ಯಾವತ್ತಾದ್ರೂ ನಿಮ್ಮಮ್ಮನಿಗೆ ಹೇಳಿದ್ದೀನಾ?"

ಅವನು ಟೋಪಿ ತಲೆಗೆ ಹಾಕಿಕೊಂಡು ಹೊರಟುಹೋದ. ಮತ್ತೆ ಕೇಳಲಿಲ್ಲ. ಆದರೆ ಆ ಬೇಸಿಗೆಯೆಲ್ಲಾ ಅಂಗಡಿಯಲ್ಲಿ ಕೆಲವರು ನನ್ನ ಜೊತೆ ಮಾತು ಬಿಟ್ಟರು.

ಸೆಪ್ಟೆಂಬರಿನಲ್ಲಿ ಮಾರ್ತಾಳ ಕೂಸಿಗೆ ನಾಯಿಕೆಮ್ಮು ಬಂತು. ಮುದುಕಿ ನನ್ನ ಮನೆಯನ್ನು ಹೇಗೆ ಹುಡುಕಿದಳೋ, ಎರಡು ಮೈಲಿ ನಡೆದೇ ಬಂದಿದ್ದಳು. ಬಾಗಿಲು ತೆರೆದರೆ "ಲೆಚೆ, ಲೆಚೆ" ಅಂದು ಬೇಡ ಅನ್ನುವಂತೆ ಕೈ ಆಡಿಸಿದಳು. ಕೂಸು ಹಾಲು ಕುಡಿಯುತ್ತಿರಲಿಲ್ಲ. ನನಗೆ ಅರ್ಥವಾಗುವ ಮಾತುಗಳನ್ನೇ ಹುಡುಕಿಕೊಂಡು ಬಂದಿದ್ದಳು. ಪುಣ್ಯಕ್ಕೆ ಅಂದು ಗುರುವಾರ. ಅವರ ಮನೆಗೆ ಹೋಗಿ ಕೂಸು, ಮಾರ್ತಾ, ಮುದುಕಿ ಮೂವರನ್ನೂ ಕಾರಿನಲ್ಲಿ ಕೂರಿಸಿಕೊಂಡು ನರ್ಸಿನ ಬಳಿಗೆ ಓಡಿದೆ. ಕೂಸಿನ ತುಟಿ ನೀಲಿ ತಿರುಗಿತ್ತು. ಆಕೆ ಒಂದೂ ಪ್ರಶ್ನೆ ಕೇಳದೆ ಆಮ್ಲಜನಕ ಕೊಟ್ಟು ಆಂಬುಲೆನ್ಸ್ ಹತ್ತಿಸಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಉಳಿಯಿತು. ಈಗ ಹಲ್ಲು ಬಂದಿದೆ, ನನ್ನ ಕನ್ನಡಕ ಕಂಡರೆ ಕಿತ್ತುಕೊಳ್ಳುತ್ತದೆ.

ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಮಾರ್ತಾಳ ದೊಡ್ಡ ಮಗಳು ಬಂದಳು. ಬಸ್ಸಿನಲ್ಲಿ ನಲವತ್ತು ಮೈಲಿ ದೂರದ ಶಾಲೆಗೆ ಹೋಗಿ ಇಂಗ್ಲಿಷ್ ಕಲಿತವಳು. ಅಜ್ಜಿ ಕೇಳುತ್ತಿದ್ದಾಳೆ, ನಮ್ಮ ಮಾತು ನಿನಗೆ ಯಾರು ಕಲಿಸಿದ್ದು ಅಂತ ಹೇಳಿದಳು. "ನಮ್ಮ ಅಕ್ಕ" ಅಂದೆ. ಹುಡುಗಿ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಅಕ್ಕಾ, ಏಳು ವರ್ಷಗಳಲ್ಲಿ ನಾನು ಆ ಮಾತನ್ನು ಬಾಯಿಬಿಟ್ಟು ಅಂದಿರಲಿಲ್ಲ. ಅಮ್ಮನ ಶವಸಂಸ್ಕಾರದಲ್ಲೂ ನಿನ್ನನ್ನು 'ಲವೋನ್' ಅಂತಲೇ ಕರೆದಿದ್ದೆ, ಪರಿಚಯದವರನ್ನು ಕರೆದ ಹಾಗೆ. ಅಲ್ಲೇ ಅತ್ತುಬಿಟ್ಟೆ. ಕೂಸಿಗಾಗಿ ಅಳುತ್ತಿದ್ದೇನೆ ಅಂದುಕೊಂಡು ಮುದುಕಿ ನನ್ನ ಬೆನ್ನು ಸವರಿದಳು.

ಅವರ ತಟ್ಟೆಗಳು ಇಲ್ಲದಿದ್ದರೆ ಟ್ರೆಂಬ್ಲಿ ಐನೂರು ಮುಟ್ಟುತ್ತಿರಲಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ಫಲಿತಾಂಶ ಬಂದ ದಿನ ಅಂಗಡಿಯಲ್ಲಿ ಎಲ್ಲರೂ, "ನೋಡಿದ್ಯಾ, ನಮ್ಮವರು ಯಾರೂ ಬಿಟ್ಟುಹೋಗಿಲ್ಲ" ಅಂತ ಬೆನ್ನು ತಟ್ಟಿಕೊಂಡರು. ನಾನು ಕಾಫಿ ಮುಗಿಸಿ ಎದ್ದು ಬಂದೆ. ಐನೂರರ ಮೇಲಿನ ಆ ಮೂರರಿಂದಲೇ ಇವತ್ತಿಗೂ ನರ್ಸ್ ಬರುತ್ತಾಳೆ, ಆಂಬುಲೆನ್ಸ್ ನಿಂತಿದೆ.

ಇಷ್ಟೆಲ್ಲಾ ಬರೆದು ಬರೆಯಬೇಕಾದದ್ದನ್ನು ದಾಟಿಕೊಂಡೇ ಬಂದೆ. ಅಂದು ಜಿಮ್ಮಿನಲ್ಲಿ ನೀನು ಶಾಲೆ ಮುಚ್ಚಲು ಕೈ ಎತ್ತಿದಾಗ ನಾನು ಎದ್ದು ನಿಂತು, "ಮಕ್ಕಳೇ ಇಲ್ಲದವಳಿಗೆ ಶಾಲೆ ಮುಚ್ಚೋದು ಸುಲಭ" ಅಂದೆ. ಇಡೀ ಊರಿನ ಮುಂದೆ. ನಿನ್ನ ಮೂರು ಬಸಿರುಗಳು ನಿಲ್ಲದೆ ಹೋದಾಗ ಮೂರು ಸಲವೂ ನಿನ್ನ ಹಾಸಿಗೆಯ ಪಕ್ಕದಲ್ಲಿದ್ದವಳು ನಾನೇ. ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ಗೊತ್ತಿದ್ದೇ ಚುಚ್ಚಿದೆ. ಸಿಟ್ಟಿನಲ್ಲಿ ಬಾಯಿತಪ್ಪಿ ಬಂತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಬಾಯಿ ತಪ್ಪಿರಲಿಲ್ಲ. ನೀನು ಕೋಟು ತೊಟ್ಟು, ಕಾಗದಗಳನ್ನು ಜೋಡಿಸಿಟ್ಟು ಹೊರಟೆ. ಆ ಬೇಸಿಗೆಗೆ ಊರನ್ನೇ ಬಿಟ್ಟೆ. ಜನ ಕೆಲಸಕ್ಕಾಗಿ ಹೋಗುತ್ತಾರೆ, ಮಕ್ಕಳ ಓದಿಗಾಗಿ ಹೋಗುತ್ತಾರೆ. ಟ್ರೆಂಬ್ಲಿಯಲ್ಲಿ ಕಡಿಮೆಯಾದ ಆ ನೂರ ಒಂಬತ್ತರಲ್ಲಿ ಒಬ್ಬಳು ಮಾತ್ರ ನನ್ನ ನಾಲಿಗೆಯಿಂದ ಕಡಿಮೆಯಾದಳು.

ಕ್ಷಮಿಸು ಅನ್ನಲು ಬೇರೆ ಮಾತು ನನಗೆ ಬರುವುದಿಲ್ಲ. ಕ್ಷಮಿಸು ಅಕ್ಕಾ. ವಾಪಸ್ ಬಾ ಅಂತ ಕರೆಯುವುದಿಲ್ಲ, ನಿನಗೆ ಅಲ್ಲಿ ತುಂಬಿದ ತರಗತಿಗಳಿವೆ.

ನಿನ್ನ ತಂಗಿ,
ಅರ್ಲಿಸ್

ಮರೆತದ್ದು: ಮೇಲೆ ಕಾರ್ವಿನ್ ಅಂತ ಬರೆದದ್ದು ಸುಳ್ಳು. ಗುರುವಾರವೇ ಐದು ಗಂಟೆ ಕಾರು ಓಡಿಸಿಕೊಂಡು ನಿಮ್ಮೂರಿಗೆ ಬಂದು, ಹೆದ್ದಾರಿಯ ಪಕ್ಕದ ಮೋಟೆಲಿನಲ್ಲಿದ್ದೇನೆ. ನಿನ್ನ ಮನೆಯ ಮುಂದೆ ನಾಲ್ಕು ಸಲ ಹಾದುಹೋದೆ. ನಿನ್ನೆ ಮೆಟ್ಟಿಲವರೆಗೂ ಬಂದೆ, ಗಂಟೆ ಒತ್ತಲು ಕೈ ಏಳಲಿಲ್ಲ. ಅದಕ್ಕೇ ಈ ಪತ್ರ. ಇದನ್ನು ನಿನ್ನ ಬಾಗಿಲ ಸಂದಿಗೆ ಸಿಕ್ಕಿಸಿ, ರಸ್ತೆಯ ಆಚೆ ನಿಲ್ಲಿಸಿದ ನೀಲಿ ಕಾರಿನಲ್ಲಿ ಕೂತಿರುತ್ತೇನೆ. ಹತ್ತು ಗಂಟೆಯವರೆಗೆ ಕಾಯುತ್ತೇನೆ ಅಂತ ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ. ನೀನು ಹೋಗು ಅನ್ನುವವರೆಗೆ ಇಲ್ಲೇ ಇರುತ್ತೇನೆ.