ಬೇಲಿಯ ಹೊರಗಿನ ಹೊಳೆಕಲ್ಲು

ಕೇನೀ ಫೋರ್ಕ್, ಕೆಂಟಕಿ
ಮೇ ೯, ಸೋಮವಾರ

ಪ್ರೀತಿಯ ಒರ್ಲೀನಕ್ಕ,

ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಹೊಸ ಮಾತ್ರೆ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ನಿನ್ನನ್ನು ಕೇಳಿ ಏನು ಪ್ರಯೋಜನ, "ನಂಗೇನಾಗಿದೆಯೋ, ಗುಂಡುಕಲ್ಲಿನ ಹಾಗಿದೀನಿ" ಅನ್ನುತ್ತೀಯ. ಇಲ್ಲಿ ನಾವು ಕ್ಷೇಮ. ವರ್ನಾಳ ಕೆಮ್ಮು ಚಳಿಗಾಲದ ಜೊತೆಗೇ ತೊಲಗಿತು. ಗಂಡನ ಅಕ್ಕ ಬರುತ್ತಾಳೆಂದು ತಿಳಿದಾಗಿನಿಂದ ಅವಳದು ಒಣಸೇಬಿನದೇ ಮಾತು. ಅದನ್ನು ತುಂಬಿ ಏಳು ಪದರದ ಕೇಕು ಮಾಡುತ್ತಾಳಂತೆ, ನಿನಗಿಂತ ಮುಂಚೆ ನಾನು ಮುಟ್ಟಿದರೆ ಕೈ ಮುರಿಯುತ್ತಾಳಂತೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಲವತ್ತೊಂಬತ್ತು ವರ್ಷದ ಮೇಲೆ, ಗೋರಿಗಳಿಗೆ ಹೂವಿಡುವ ಭಾನುವಾರಕ್ಕೆ ಊರಿಗೆ ಬರುತ್ತಿದ್ದೀಯ. ನಿನ್ನ ಮಗುವಿನ ಹೆಸರು ಕೆತ್ತಿಸಿದ ಪುಟ್ಟ ಕಲ್ಲನ್ನು ಓಹಾಯೊದಿಂದ ಹೊತ್ತು ತರುತ್ತೀಯ. ಆಮೊಸ್ ಅಂತ ಹೆಸರಿಟ್ಟಿದ್ದೆ ಅನ್ನುವುದೇ ನನಗೆ ಗೊತ್ತಿರಲಿಲ್ಲವಲ್ಲೇ ಅಕ್ಕ! ಇಷ್ಟು ಕಾಲ ಆ ಹೆಸರನ್ನು ಒಬ್ಬಳೇ ಎದೆಯಲ್ಲಿಟ್ಟುಕೊಂಡಿದ್ದೆಯಾ? ಕಾಗದದ ಕೊನೆಗೆ ಕೇಳಿದ್ದೀಯ, "ನೀನು ಹೊತ್ತ ಕಲ್ಲು ಅಲ್ಲೇ ಇದೆಯೇನೋ ಹೋಬಿ?" ಅಂತ. ಅದಕ್ಕೆ ಉತ್ತರ ಬರೆಯಲೆಂದೇ ಕೂತಿದ್ದೇನೆ. ಸ್ವಲ್ಪ ತಾಳಿಕೋ, ನನಗೆ ನೆಟ್ಟಗೆ ವಿಷಯಕ್ಕೆ ಬರುವುದು ಯಾವತ್ತೂ ತಿಳಿದಿಲ್ಲ.

ನಿನಗೆ ಆಗ ಹದಿನಾರು, ಮದುವೆಯಾಗಿರಲಿಲ್ಲ. ನನಗೆ ಎಂಟು. ಎರಡೇ ಗಂಟೆ ಬದುಕಿದ ಕೂಸನ್ನು ಅಪ್ಪ ಸೇಬಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಗುಡ್ಡ ಹತ್ತಿದರು. ನಿನ್ನನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಹೆಸರಿಲ್ಲದ ಮಗುವಿಗೆ ಹೊಳೆಯ ಕಲ್ಲೇ ಗುರುತಲ್ಲವೇ, ಅದನ್ನು ಆರಿಸಿ ತರುವ ಕೆಲಸ ನನ್ನದು. ಬೂದು ಬಣ್ಣದ ಗುಂಡು ಕಲ್ಲು, ನಡುವೆ ಒಂದು ಬಿಳಿ ಗೆರೆ. ನಿನಗೆ ಅದು ಹಿಡಿಸುತ್ತದೆ ಅಂದುಕೊಂಡೇ ಆರಿಸಿದ್ದೆ. ಅಪ್ಪ ಗೋರಿಗಳ ಸಾಲಿನಲ್ಲಿ ಜಾಗ ಕೊಡಲಿಲ್ಲ. ಸಾಲಿನಿಂದ ದೂರ, ಪೂರ್ವದ ಡಾಗ್‌ವುಡ್ ಮರದ ಕೆಳಗೆ ಅಗೆದರು. ಇಳಿಯುವಾಗ ನನ್ನ ಕಿವಿ ಹಿಂಡಿ ಹೇಳಿದರು: "ಇದು ಈ ಗುಡ್ಡ ಇಳೀಬಾರ್ದು, ತಿಳೀತಾ? ಯಾರು ಕೇಳಿದ್ರೂ ಇಲ್ಲ ಅನ್ನು." ಆ ಕಿವಿ ಈಗಲೂ ಉರಿಯುತ್ತದೆ.

ಈ ವಸಂತದಲ್ಲಿ ನಮ್ಮ ಗಣಿ ತಪಾಸಣೆ ಕಚೇರಿಯ ಎಸ್ಟಿಲ್ ನಿವೃತ್ತನಾದ. ಅವನು ನೋಡಿಕೊಳ್ಳುತ್ತಿದ್ದ ನಮ್ಮ ಗುಡ್ಡದ ಕಲ್ಲಿದ್ದಲು ಗಣಿ ನನ್ನ ಪಾಲಿಗೆ ಬಂತು. ಇದ್ದಲು ಮುಗಿದಿದೆ, ಮಣ್ಣನ್ನು ತಿರುಗಿ ತುಂಬಿ ಹುಲ್ಲು ಬಿತ್ತಿದ್ದಾರೆ. ಕೊನೆಯ ತಪಾಸಣೆ ಮಾಡಿ ನಾನೊಂದು ರುಜು ಹಾಕಿದರೆ ಕಡತ ಮುಚ್ಚಿದ ಹಾಗೆ. ಗುರುವಾರ ಹೋಗಿದ್ದೆ. ಕೆಳಗಿನ ಕೊಳದ ನೀರನ್ನು ಸೀಸೆಯಲ್ಲಿ ಹಿಡಿದು ನೋಡಿದೆ, ತುಕ್ಕಿನ ಬಣ್ಣ ಒಂದಿಷ್ಟೂ ಇಲ್ಲ. ಇಳಿಜಾರಿನಲ್ಲಿ ಮಳೆ ಕೊರೆದ ಗೀರುಗಳು ನನ್ನ ಬೂಟು ಮುಳುಗುವಷ್ಟೂ ಇಲ್ಲ. ಸಸಿಗಳೂ ಲೆಕ್ಕಕ್ಕೆ ಸರಿಯಾಗಿವೆ. ಕಂಪನಿಯ ಡೆನ್ವರ್ ಜೊತೆಗಿದ್ದ, ಬಾಯಿ ಮುಚ್ಚದ ಆಸಾಮಿ. "ಏನ್ ಹೋಬರ್ಟ್, ನಿಮ್ಮಪ್ಪನ ಕಾಲಕ್ಕಿಂತ ಚೆನ್ನಾಗಿ ಮಾಡಿಲ್ವಾ ಗುಡ್ಡಾನ? ಗಾಲ್ಫ್ ಆಡ್ಬೋದು!" ಅಂದ. "ಆಡಪ್ಪಾ, ಚೆಂಡು ಹುಡುಕೋವಾಗ ಹಾವು ಕಚ್ಚಿದ್ರೆ ನನ್ನ ಕರೀಬೇಡ" ಅಂದೆ. ನಗುತ್ತಲೇ ಗೋರಿಗಳ ಹತ್ತಿರ ಹೋದೆವು. ಬೇಲಿ ಗಟ್ಟಿಯಾಗಿದೆ. ಅಮ್ಮ, ಅಪ್ಪ, ಅಜ್ಜಿ ಎಲ್ಲ ಇದ್ದ ಹಾಗೇ ಇದ್ದಾರೆ.

ಆ ಬೇಲಿಯ ಕಥೆ ನಿನಗೆ ಹೇಳಿರಲಿಲ್ಲ. ಆರು ವರ್ಷದ ಹಿಂದೆ, ಗಣಿ ತೆರೆಯುವ ಮುಂಚೆ, ಗೋರಿಗಳ ಸುತ್ತ ಬೇಲಿಯ ಗೆರೆ ಹಾಕಲು ಮನೆಯವರನ್ನೆಲ್ಲ ಕರೆಸಿದ್ದರು. ಚಿಕ್ಕಪ್ಪನ ಮಕ್ಕಳಿದ್ದರು, ಪಾದ್ರಿಯಿದ್ದರು. ಸರ್ವೆಯವನು ಪೆನ್ಸಿಲು ಹಿಡಿದು ಕೇಳಿದ, "ಬೇಲಿ ಹೊರಗೆ ಇನ್ನ್ಯಾವ ಗೋರಿನೂ ಇಲ್ವಲ್ಲ?" ಒಂದು ಗೋರಿಯಿದೆ ಎಂದರೆ ಸಾಕು, ಅದರ ಸುತ್ತ ನೂರು ಅಡಿ ಯಾರೂ ಗುದ್ದಲಿ ಹಾಕುವಂತಿಲ್ಲ. ಆ ಕಾನೂನನ್ನು ಊರವರಿಗೆಲ್ಲ ಓದಿ ಹೇಳುವವನೇ ನಾನು. ಎಲ್ಲರೂ ನನ್ನ ಮುಖ ನೋಡಿದರು. ನಾನು "ಇಲ್ಲ" ಅಂದುಬಿಟ್ಟೆ. ಅಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು, ಆದರೂ ನನ್ನ ಬಾಯಲ್ಲಿ ಅವರೇ ಮಾತಾಡಿದರು. ಸರ್ವೆಯವನು ಒಬ್ಬನೇ ಸಿಕ್ಕಾಗ ಮೆಲ್ಲಗೆ ಹೇಳಿದರಾಯಿತು ಅಂದುಕೊಂಡೆ, ಹೇಳಲಿಲ್ಲ. ಆಮೇಲೆ ಸಿಡಿಮದ್ದಿನ ಭಯಕ್ಕೆ ಗುಡ್ಡದ ದಾರಿಗೆ ಗೇಟು ಹಾಕಿದರು. ಐದು ವರ್ಷ ಹೂವನ್ನು ಚರ್ಚಿನಲ್ಲೇ ಇಟ್ಟು ಬಂದೆವು. ಕೇಳಿಕೊಂಡಿದ್ದರೆ ನನ್ನನ್ನು ಒಳಗೆ ಬಿಡುತ್ತಿದ್ದರು. ನಾನು ಕೇಳಲಿಲ್ಲ. ಹೋಗಿ ನೋಡಿದರೆ ತಿಳಿದುಬಿಡುತ್ತದಲ್ಲ ಎಂಬ ಹೆದರಿಕೆ. ನಿನಗೆ ಮಾತ್ರ ವರ್ಷಾವರ್ಷ "ಎಲ್ಲ ಸರಿಯಾಗಿದೆ" ಅಂತ ಬರೆದೆ. ಥೂ, ನನ್ನ ಬಾಳಿಗಿಷ್ಟು ಬೆಂಕಿ ಹಾಕ.

ವರ್ನಾ ಊಟಕ್ಕೆ ಕರೆಯುತ್ತಿದ್ದಾಳೆ. ಬೀನ್ಸ್ ಕಾಳು ಬೆಂದಿದೆ, ಮೆಕ್ಕೆಜೋಳದ ರೊಟ್ಟಿ ಆರುತ್ತಿದೆಯಂತೆ. ನಿನ್ನ ಮಗಳಿಗೂ ಅಳಿಯನಿಗೂ ನಮ್ಮ ನೆನಪು ಹೇಳು. ದೇವರು ನಿನ್ನ ದಾರಿಯನ್ನು ಸುಗಮ ಮಾಡಲಿ, ಮಂಡಿಗೆ ಬಲ ಕೊಡಲಿ.

ನಿನ್ನ ತಮ್ಮ,
ಹೋಬರ್ಟ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ಉತ್ತರವನ್ನೇ ಬರೆದಿಲ್ಲ ನಾನು. ಅಕ್ಕ, ಡಾಗ್‌ವುಡ್ ಮರ ಇಲ್ಲ. ಅಲ್ಲೀಗ ನೀರು ಹರಿದುಹೋಗುವ ಕಾಲುವೆ ಇದೆ. ಅದಕ್ಕೆ ಹಾಸಿರುವುದೆಲ್ಲ ಸಿಡಿಸಿದ ಬಂಡೆಯ ಚೂಪು ಕಲ್ಲು. ಅವುಗಳ ನಡುವೆ ಗುಂಡಗಿನದು ಒಂದೇ ಒಂದು ಇತ್ತು, ಬಿಳಿ ಗೆರೆಯದು. ಹೊಳೆಕಲ್ಲು ತಾನಾಗಿ ಗುಡ್ಡ ಹತ್ತುವುದಿಲ್ಲವಲ್ಲ. ಡೆನ್ವರ್ ಎದುರೇ ಕೂತು ಅತ್ತೆ. ಪಾಪ, ಅವನು ಏನೂ ಕೇಳದೆ ಅದನ್ನು ನನ್ನ ಗಾಡಿಗೆ ಹೊತ್ತು ತಂದ. ಈಗ ಈ ಕಾಗದದ ಪಕ್ಕದಲ್ಲೇ, ಅಡುಗೆಮನೆಯ ಮೇಜಿನ ಮೇಲಿದೆ. ನಾನು ರುಜು ಹಾಕಿಲ್ಲ. ಅಲ್ಲೊಂದು ಗೋರಿ ಇತ್ತು, ಇಲ್ಲವೆಂದು ಸುಳ್ಳು ಹೇಳಿದವನು ನಾನು ಅಂತ ವರದಿಯಲ್ಲಿ ಬರೆಯುತ್ತೇನೆ. ಮಗುವಿನ ಹೆಸರು ಬರೆದರೆ ತಾಯಿಯ ಹೆಸರೂ ಬರೆಯಬೇಕು, ಊರೆಲ್ಲ ಓದುತ್ತದೆ. ನೀನು ಹೂಂ ಅನ್ನದೆ ಬರೆಯುವುದಿಲ್ಲ, ಬೇಗ ಹೇಳು. ಬೈಯಬೇಕೆನಿಸಿದರೆ ಬಂದೇ ಬೈ. ನಿನ್ನ ಕಲ್ಲನ್ನೂ ತಾ. ಅದನ್ನು ಎಲ್ಲಿ ನಿಲ್ಲಿಸಬೇಕು ಅಂತ ಮಾತ್ರ ನನ್ನನ್ನು ಕೇಳಬೇಡ ಅಕ್ಕ, ನನಗೆ ಗೊತ್ತಿಲ್ಲ.