ಅಸ್ಮಾಳ ಕಪ್ಪು

ಸಿಂಧನೂರು
೮ ಸೆಪ್ಟೆಂಬರ್ ೨೦೨೫

ಅಮರೇಶ್ವರಿ,

ಹೇಗಿದ್ದೀ? ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆ ಎಂದುಕೊಳ್ಳುತ್ತೇನೆ. ನಿನ್ನ ನಾಲ್ಕು ಮೆಸೇಜಿಗೂ ಉತ್ತರ ಕೊಡದೆ ಇಪ್ಪತ್ತು ದಿನ ಕೂತೆ, ಬೇಜಾರಾಗಬೇಡ. ಫೋನಿನಲ್ಲಿ ಬರೆದದ್ದನ್ನೆಲ್ಲ ನಾನೇ ಅಳಿಸುತ್ತಿದ್ದೆ, ಅದಕ್ಕೇ ಈ ಕಾಗದ. ನೀ ಕೇಳಿದ್ದು ಎರಡು. ನಾವಿಬ್ಬರೂ ಕೂಡಿ ತಯಾರು ಮಾಡಿದ ಪಾಠ ಹೇಗಾಯಿತು? ದಸರಾ ರಜೆಗೆ ಲಿಂಗಸುಗೂರಿಗೆ ನಿಮ್ಮ ಮನೆಗೆ ಬರುತ್ತೇನೋ ಇಲ್ಲವೋ?

ಪಾಠ ಚಲೋ ಆಯಿತು. ಅಮೆರಿಕದ ಕಾದಂಬರಿ ಎಂದ ಕೂಡಲೇ ಮುಖ ಕಿವುಚಿದ ಬಿ.ಎ. ಹುಡುಗರು ನಿನ್ನ ಚಾರ್ಟಿನ ಮುಂದೆ ಮುಗಿಬಿದ್ದರು. ಬಿಳಿಯರ ನಲ್ಲಿ ಒಂದು ಕಡೆ, ಕರಿಯರ ನಲ್ಲಿ ಒಂದು ಕಡೆ, ನಡುವೆ ಕೋರ್ಟು. ಆ ಕೋರ್ಟನ್ನು ಕ್ಲಾಸಿನಲ್ಲೇ ಆಡಿಸಿದೆ, ಕರಿಯನ ಪರವಾಗಿ ಗೊರೇಬಾಳದ ವೀರೇಂದ್ರ ವಕೀಲನಾದ. ಕರಿಯನೇ ತಪ್ಪಿತಸ್ಥ ಎಂಬ ತೀರ್ಪು ಕೇಳಿ, "ಇವ್ರೆಲ್ಲಾ ಮೊದ್ಲ ಮಾತಾಡಿಕೊಂಡು ಬಂದಾರ್ರೀ ಮೇಡಂ" ಎಂದು ಕರಿ ಕೋಟು ಕಳಚಿ ಒಗೆದ.

ಆಮೇಲೆ ನಿನ್ನ ಪ್ರಶ್ನೆ. "ನಿಮ್ಮೂರಾಗ ಇಂಥಾದ್ದು ಎಲ್ಲಿ ಕಂಡೀರಿ, ಹೆಸರು ಹಾಕದ ಬರೀರಿ ಅಂತ ಕೇಳು. ನೋಡ್ತಿರು, ಹೆಂಗ ಬರೀತಾರ!" ಎಂದು ನಿಮ್ಮ ಪಡಸಾಲೆಯಲ್ಲಿ ಕೂತು ಚೀಟಿ ಕತ್ತರಿಸುತ್ತ ನೀನೇ ಹೇಳಿದ್ದೆ. ಬರೆದರು ಮಾರಾಯ್ತಿ. ಹೋಟೆಲಿನ ಬೇರೆ ಲೋಟ, ಕಟಿಂಗ್ ಅಂಗಡಿ, ಗುಡಿಯ ಮೆಟ್ಟಿಲು. ನಮ್ಮವರನ್ನೂ ಬಿಟ್ಟಿಲ್ಲ, ದರ್ಗಾದ ಊಟದಲ್ಲಿ ತಮ್ಮನ್ನು ಕಡೆಗೆ ಕೂಡಿಸುತ್ತಾರೆಂದು ಒಬ್ಬ ಬರೆದಿದ್ದ. ನಿಮ್ಮ ಮನೆ ಕೆಲಸದ ಜೋಗಮ್ಮನ ಮಗಳು ಯಮನಮ್ಮ, ಇಲ್ಲಿ ಹಾಸ್ಟೆಲಿನಲ್ಲಿದ್ದಾಳಲ್ಲ, ಎಲ್ಲರಿಗಿಂತ ತಡವಾಗಿ ಚೀಟಿ ಕೊಟ್ಟಳು. ನನ್ನ ಮುಖ ನೋಡಲಿಲ್ಲ.

ಮರುದಿನ ಪ್ರಿನ್ಸಿಪಾಲರು ಕರೆದು, "ಅಮೆರಿಕದ್ದು ಅಮೆರಿಕದಾಗ ಇರ್ಲಿ ಮೇಡಂ, ಇಲ್ಲಿ ಯಾಕ ಬೆಂಕಿ ಹಚ್ತೀರಿ?" ಎಂದು ಚೀಟಿಗಳನ್ನು ಇಸಿದುಕೊಂಡರು. ನಾನೂ ಬಾಯಿ ಮುಚ್ಚಿಕೊಂಡು ಕೊಟ್ಟೆ, ಥೂ ನನ್ನ ಜನ್ಮಕ್ಕೆ. ಒಂದನ್ನು ಮಾತ್ರ ಕೊಡಲಿಲ್ಲ.

ಲಿಂಗಸುಗೂರಿನಿಂದ ಇಲ್ಲಿಗೆ ವರ್ಗವಾಗಿ ಬರುವತನಕ ಹನ್ನೊಂದು ವರ್ಷ ನಿಮ್ಮ ಮನೆಯ ಚಹಾ ಕುಡಿದಿದ್ದೇನೆ. ನಾ ಹೊಸ್ತಿಲು ದಾಟುವುದರೊಳಗೇ ನಿಮ್ಮತ್ತೆ, "ಅಸ್ಮಾ ಬಂದಾಳ, ಆಕಿ ಕಪ್ಪಿನ್ಯಾಗ ಹಾಕು" ಎಂದು ಕೂಗುತ್ತಿದ್ದರು. ನೀಲಿ ಹೂವಿನದು. ಆ ಮನೆಯಲ್ಲಿ ನನಗೂ ಒಂದು ಕಪ್ಪಿದೆ ಎಂದು ಎಷ್ಟು ಹಿಗ್ಗಿದ್ದೆ! ಅಮ್ಮಿಗೂ ಹೇಳಿದ್ದೆ. "ಅಲ್ಲಾಹು ಅಂಥಾ ದೋಸ್ತಿ ಎಲ್ಲಾರಿಗೂ ಕೊಡ್ಲಿ" ಎಂದಿದ್ದಳು ಪಾಪ.

ಅತ್ತೆಯವರಿಗೆ ಸಲಾಮು ಹೇಳು. ನಿನ್ನ ಮಗಳು ನೂರು ವರ್ಷ ಬಾಳಲಿ, ನಮಗಿಂತ ಚಲೋ ಬಾಳಲಿ.

ನಿನ್ನ
ಅಸ್ಮಾ

ತಾ.ಕ.: ಆ ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ನಮ್ಮವ್ವ ಕೆಲಸ ಮಾಡೋ ಮನಿಯಾಗ ಬಚ್ಚಲ ಗೂಡಿನ್ಯಾಗ ಎರಡು ಕಪ್ ಅದಾವ. ಹಿಡಿ ಮುರಿದಿದ್ದು ನಮ್ಮವ್ವಂದು. ನೀಲಿ ಹೂವಿಂದು ನಿಮ್ದು ಮೇಡಂ. ಒಳಗಿನ ಪಾತ್ರಿ ಜೋಡಿ ಅವನ್ನ ಇಡಂಗಿಲ್ಲ. ಎರಡೂ ನಮ್ಮವ್ವನೇ ತೊಳೀತಾಳ." ಇದರ ಸಿಟ್ಟನ್ನು ನಿಮ್ಮ ಮನೆಯಲ್ಲಿ ಯಾರಾದರೂ ಜೋಗಮ್ಮನ ಮೇಲೆ ತೀರಿಸಿದರೆ ನನ್ನಾಣೆ. ದಸರಾಕ್ಕೆ ಬರುತ್ತೇನೆ, ಮಸ್ಕಿ ಮೇಲಿನ ಮೊದಲ ಬಸ್ಸಿಗೆ. ಚಹಾ ಅದೇ ಕಪ್ಪಿನಲ್ಲಿ ಕೊಡು. ಕುಡಿದು ನಿನ್ನ ಕೈಗೇ ಕೊಡುತ್ತೇನೆ, ಈ ಸಲ ನೀನೇ ತೊಳಿ.