ನಿಮ್ಮ ಕಪಾಟಿನಲ್ಲಿ ನನ್ನ ಖುಲಾಸೆ

ಮಾನ್ಯ ಅಪರಾಧ ದಾಖಲೆಗಳ ಮುಖ್ಯಾಧಿಕಾರಿಗಳೇ,

ನಾನು ಕಳ್ಳನಲ್ಲ. ನನ್ನ ಮಾತು ನಂಬಬೇಕಿಲ್ಲ. ನ್ಯಾಯಾಲಯವೇ ಹತ್ತೊಂಬತ್ತು ವರ್ಷಗಳ ಹಿಂದೆ ಹಾಗೆಂದು ತೀರ್ಪಿತ್ತಿದೆ. ಆದರೂ ತಮ್ಮ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಇವತ್ತಿಗೂ ‘ಮನೆಗಳ್ಳತನ, ಬಂಧನ, ವಿಚಾರಣೆ ಬಾಕಿ’ ಎಂದೇ ಇದೆ. ನಾನು ಬೀಗ ರಿಪೇರಿಯವನು. ಈ ತಿಂಗಳ ಮೂವತ್ತಕ್ಕೆ ನನ್ನ ಪರವಾನಗಿ ಮುಗಿಯುತ್ತದೆ. ಇಷ್ಟು ವರ್ಷ ಅದನ್ನು ನವೀಕರಿಸಲು ‘ಯಾವ ಮೊಕದ್ದಮೆಯೂ ಇಲ್ಲ’ ಎಂಬ ತಮ್ಮ ಪ್ರಮಾಣಪತ್ರ ಬೇಕಿರಲಿಲ್ಲ, ಈ ವರ್ಷದಿಂದ ಬೇಕಂತೆ. ಅದು ಸಿಗದಿದ್ದರೆ ಊರಿನವರ ಬಾಗಿಲು ತೆಗೆದುಕೊಡುತ್ತಲೇ ಬದುಕಿದವನು ತನ್ನ ಅಂಗಡಿಯ ಬಾಗಿಲು ಮುಚ್ಚಬೇಕಾಗುತ್ತದೆ.

ನಡೆದದ್ದು ಹೇಳುತ್ತೇನೆ, ನಗಬೇಡಿ. ನಕ್ಕರೂ ಪರವಾಗಿಲ್ಲ, ನ್ಯಾಯಾಧೀಶರೂ ನಕ್ಕಿದ್ದರು. ಒಂದು ಮಧ್ಯಾಹ್ನ ಅಂಗಡಿಗೆ ಫೋನ್ ಬಂತು. ಹೋಗಿ ನೋಡಿದರೆ ಮೂರನೇ ಮಹಡಿಯಲ್ಲಿ ಒಬ್ಬ ಮನುಷ್ಯ ಬರೀ ಟವೆಲ್ ಸುತ್ತಿಕೊಂಡು, ಮೈಯೆಲ್ಲ ನೀರು ಸುರಿಸುತ್ತಾ ನಿಂತಿದ್ದಾನೆ. “ಗಾಳಿಗೆ ಬಾಗಿಲು ಹಾಕ್ಕೊಂಡ್ಬಿಡ್ತು ಮಾರಾಯ್ರೇ, ಬೇಗ ತೆಗೀರಿ, ಯಾರಾದ್ರೂ ನೋಡಿದ್ರೆ ಮಾನ ಹೋಗುತ್ತೆ!” ಎಂದ. ಟವೆಲ್ ಸುತ್ತಿಕೊಂಡು ಕಳ್ಳತನಕ್ಕೆ ಬರುವವರುಂಟೇ? ತೆಗೆದುಕೊಟ್ಟೆ. ಅದು ಅವನ ಮನೆಯಲ್ಲ. ಅವನು ಮನೆಯವರ ಒಡವೆ ಬಾಚಿಕೊಂಡು, ಅವರದೇ ಪ್ಯಾಂಟು ಶರ್ಟು ಹಾಕಿಕೊಂಡು ಹಿಂದಿನ ಮೆಟ್ಟಿಲಿಳಿದು ಹೋದ. ನಾನು ಬಾಗಿಲಲ್ಲಿ ಕೂತು ಉಪಕರಣಗಳನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಾ ಸಿಕ್ಕಿಬಿದ್ದೆ. ಎರಡೇ ತಿಂಗಳಲ್ಲಿ ಖುಲಾಸೆಯಾಯಿತು. “ಇನ್ನು ಮೇಲೆ ಟವೆಲ್ ನೋಡಬೇಡಿ, ಕರೆಂಟ್ ಬಿಲ್ಲು ನೋಡಿ” ಎಂದರು ನ್ಯಾಯಾಧೀಶರು. ಅಂದಿನಿಂದ ಬಿಲ್ಲು ನೋಡದೆ ನನ್ನ ತಂಗಿಯ ಮನೆಯ ಬೀಗವನ್ನೂ ಮುಟ್ಟಿಲ್ಲ. ಅವಳು ಆರು ತಿಂಗಳು ಮಾತು ಬಿಟ್ಟಿದ್ದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ತಮಗೆ ಗೊತ್ತಿರಬೇಕು. ತಮ್ಮ ಕಚೇರಿಯ ಪಡಸಾಲೆಯಲ್ಲಿ ಗಾಜು ಹಾಕಿದ ಚೌಕಟ್ಟಿನಲ್ಲಿ ಕಾನೂನೇ ತೂಗಾಡುತ್ತಿದೆ: ‘ದಾಖಲೆಯು ಪೂರ್ಣವೂ ನಿಖರವೂ ಆಗಿರತಕ್ಕದ್ದು, ತೀರ್ಪನ್ನು ತೊಂಬತ್ತು ದಿನಗಳೊಳಗೆ ಸೇರಿಸತಕ್ಕದ್ದು.’ ಸಾಲಿನಲ್ಲಿ ನಿಂತು ನಿಂತು ನನಗದು ಬಾಯಿಪಾಠವಾಗಿದೆ. ಬಂಧನವಾದ ಸಂಜೆಯೇ ಬೆರಳಚ್ಚಿನ ಸಂಖ್ಯೆಯೊಂದಿಗೆ ಪೊಲೀಸರ ಚೀಟಿ ತಮ್ಮಲ್ಲಿಗೆ ಬರುತ್ತದೆ, ಒಡನೆ ದಾಖಲೆಗೆ ಸೇರುತ್ತದೆ. ಖುಲಾಸೆಯ ಚೀಟಿ ನ್ಯಾಯಾಲಯದಿಂದ ಬರುತ್ತದೆ, ಆದರೆ ಅದರಲ್ಲಿ ಆ ಸಂಖ್ಯೆ ಇರುವುದಿಲ್ಲ. “ನಂಬರ್ ಹಾಕೋದು ನಮ್ಮ ಕೆಲಸ ಅಲ್ಲ” ಎನ್ನುತ್ತದೆ ನ್ಯಾಯಾಲಯದ ಕಿಟಕಿ. “ನಂಬರ್ ಇಲ್ದೆ ಸೇರಿಸೋಕಾಗಲ್ಲ” ಎನ್ನುತ್ತದೆ ತಮ್ಮ ಕಿಟಕಿ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗಕ್ಕೆ ಸಿಕ್ಕಿದವನು ನಾನು. ಹೆಸರು, ಹುಟ್ಟಿದ ದಿನ, ಮೊಕದ್ದಮೆಯ ಸಂಖ್ಯೆ ಮೂರೂ ತಾಳೆಯಾದರೂ ಒಬ್ಬ ಮನುಷ್ಯನ ಗುರುತು ಸಿಗುವುದಿಲ್ಲವೆಂದರೆ, ತಾವು ಬೆಳಿಗ್ಗೆ ತಮ್ಮ ಮನೆಯವರನ್ನು ಹೇಗೆ ಗುರುತಿಸುತ್ತೀರಿ ಸ್ವಾಮಿ? ಬೆರಳೊತ್ತಿಸಿಯೇ?

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಕಳೆದ ಮಂಗಳವಾರ ಮತ್ತೆ ಫೋನ್ ಬಂತು. “ನಮ್ಮಲ್ಲೊಂದು ಕಬ್ಬಿಣದ ಕಪಾಟಿನ ಕೀ ಕಳೆದುಹೋಗಿದೆ, ಬರ್ತೀರಾ?” ಯಾವ ಕಚೇರಿ ಎಂದರೆ, ತಮ್ಮದೇ! ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. “ಹೋಗಿ ಹೋಗಿ, ಕಳ್ಳನ ಕೈಗೇ ಬೀಗದ ಕೈ ಕೊಡ್ತಿದ್ದಾರೆ. ಬಿಲ್ಲು ಕೇಳೋದು ಮರೀಬೇಡಿ” ಎಂದಳು. ಮರೆಯಲಿಲ್ಲ. ಎಲ್ಲರೂ ಅಕ್ಕ ಎಂದು ಕರೆಯುವ ತಮ್ಮ ಹಿರಿಯ ಗುಮಾಸ್ತೆ, ಕಪಾಟು ಸರ್ಕಾರದ್ದೇ ಎಂದು ತೋರಿಸಲು ಪಾಪ ಅರ್ಧ ಗಂಟೆ ಕಾಗದ ಹುಡುಕಿದರು. ಬೀಗ ತೆಗೆಯಲು ನನಗೆ ನಾಲ್ಕೇ ನಿಮಿಷ ಸಾಕಾಯಿತು.

ಒಳಗೆ ಮೇಲಿನಿಂದ ಕೆಳಗಿನವರೆಗೆ ಹಳದಿ ಚೀಟಿಗಳ ಕಟ್ಟುಗಳು.

“ಇದೇನಕ್ಕಾ?”

“ನಂಬರ್ ಇಲ್ದೆ ಬಂದ ತೀರ್ಪುಗಳಪ್ಪ. ಎಲ್ಲಾ ಖುಲಾಸೆಗಳೇ. ಆಮೇಲೆ ಸೇರಿಸೋಣ ಅಂತ ಇಡ್ತಾ ಬಂದ್ವಿ. ಕೀ ಕಳೆದ ಮೇಲೆ ಸಂದಿಯಿಂದ ಒಳಗೆ ತುರುಕ್ತಾ ಇದ್ವಿ.”

ಹಾಗಾದರೆ ನನ್ನದೂ ಇಲ್ಲೇ ಇರಬೇಕು ಎಂದೆ. ಅಕ್ಕ ನನ್ನ ತೀರ್ಪಿನ ಇಸವಿ ಕೇಳಿ, ಮಂಡಿಯೂರಿ, ಅಡಿಯ ಕಟ್ಟಿನಿಂದ ನನ್ನ ಚೀಟಿಯನ್ನು ಎಳೆದು ತೋರಿಸಿದರು. ನ್ಯಾಯಾಧೀಶರ ಸಹಿ, ಮೊಹರು, ಎಲ್ಲ ಇದ್ದವು. ನನಗೆ ಎಷ್ಟು ಖುಷಿಯಾಯಿತೆಂದರೆ ನಿಂತಲ್ಲೇ ಕುಣಿಯೋಣವೆನಿಸಿತು. “ಇದೊಂದನ್ನ ಸಾಹೇಬ್ರ ಹತ್ರ ಸಹಿ ಮಾಡಿಸಿ ಸೇರಿಸಿಬಿಡ್ತೀನಿ. ಯಾರಿಗೂ ಹೇಳ್ಬೇಡಿ” ಎಂದರು. ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರ ಕಣ್ಣು ಮೇಲಿನ ಕಟ್ಟಿನ ಒಂದು ಹೆಸರಿನ ಮೇಲೆ ಬಿತ್ತು. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

“ಅಯ್ಯೋ, ಈ ಹುಡುಗಿ ಪ್ರತಿ ಸೋಮವಾರ ಬರ್ತಾಳಲ್ಲಪ್ಪ. ಮಕ್ಕಳ ಆಸ್ಪತ್ರೇಲಿ ನರ್ಸ್ ಕೆಲಸ ಸಿಕ್ಕಿದೆಯಂತೆ, ಸರ್ಟಿಫಿಕೇಟಿಗೆ ಕಾಯ್ತಿದ್ದಾಳೆ. ‘ವಿಚಾರಣೆ ಬಾಕಿ ಇದೆಯಮ್ಮ, ಮುಂದಿನ ವಾರ ಬಾ’ ಅಂತ ನಾನೇ ವಾಪಸ್ ಕಳಿಸ್ತಿದ್ದೀನಿ. ಇದೇ ಕಪಾಟಿಗೆ ಒರಗಿ ನಿಂತ್ಕೊಂಡೇ ಹೇಳಿದ್ದೀನಿ!”

ನನ್ನ ಕುಣಿತ ನಿಂತಿತು. ಸಿಟ್ಟು ಬಂತು, ಅಕ್ಕನ ಮೇಲಲ್ಲ. ಅವರ ಕಣ್ಣು ತುಂಬಿತ್ತು. ನನ್ನ ಚೀಟಿಯನ್ನು ಎಲ್ಲಿತ್ತೋ ಅಲ್ಲೇ ಇಡಿ ಅಕ್ಕಾ ಎಂದೆ. ಮನೆಯಲ್ಲಿ ಹೇಳಿದಾಗ ಹೆಂಡತಿ ತಲೆ ಚಚ್ಚಿಕೊಂಡಳು. “ನಿಮ್ಮಂಥ ದಡ್ಡರನ್ನ ಕಳ್ಳ ಅಂತ ಬರೆದವರಿಗೆ ಬುದ್ಧಿ ಇಲ್ಲ” ಎಂದಳು. ಆಮೇಲೆ, ಈ ಪತ್ರಕ್ಕೆ ಒಳ್ಳೆಯ ಕಾಗದ ತಂದುಕೊಟ್ಟವಳೂ ಅವಳೇ.

ಹಾಗಾಗಿ ಸ್ವಾಮಿ, ಇದು ನನ್ನ ಬೇಡಿಕೆ. ಕಪಾಟು ತೆರೆದಿದೆ. ಎರಡು ಹೊಸ ಕೀ ಮಾಡಿಕೊಟ್ಟಿದ್ದೇನೆ, ಒಂದು ಅಕ್ಕನ ಬಳಿ, ಇನ್ನೊಂದು ತಮ್ಮ ಮೇಜಿನ ಮೇಲೆ. ಕಾನೂನು ತಮ್ಮ ಗೋಡೆಯ ಮೇಲೇ ಇದೆ. ಪ್ರತಿ ಚೀಟಿಯನ್ನೂ ಅದರ ಮನುಷ್ಯನಿಗೆ ಸೇರಿಸಿ. ನನ್ನದನ್ನು ಹೆಕ್ಕಿ ತೆಗೆಯಬೇಡಿ. ಸಾಲು ತಪ್ಪಿಸಿ ಒಳನುಗ್ಗುವುದು ಕಳ್ಳರ ಕೆಲಸ. ಮೇಲಿನಿಂದ ಶುರುಮಾಡಿ, ಮೊದಲು ಆ ನರ್ಸ್ ಸಿಗುತ್ತಾಳೆ. ನನ್ನದು ತೀರಾ ಅಡಿಯಲ್ಲಿದೆ, ಮತ್ತು ಮೂವತ್ತನೇ ತಾರೀಕಿನೊಳಗೆ ನನಗದು ಬೇಕು.

ಇಂತಿ,
ಎರಡು ತಿಂಗಳಲ್ಲಿ ಮುಗಿದ ವಿಚಾರಣೆಯನ್ನು ತಮ್ಮ ಕೃಪೆಯಿಂದ ಹತ್ತೊಂಬತ್ತು ವರ್ಷ ಎದುರಿಸುತ್ತಿರುವ,
ಬೀಗದ ಅಂಗಡಿಯವನು